ರೋಲ್ ಮುಗಿಸೋಕೆ ತೆಗೆದ ಫೋಟೋ

ಪ್ರಶ್ನೆ: ಕೆಲಸಕ್ಕಾಗಿ ಊರು ಬಿಟ್ಟು 9 ವರ್ಷ ಆಯಿತು. ವರ್ಷಕ್ಕೆ ಎರಡು ಸಲ ಮನೆಗೆ ಹೋಗುತ್ತೇನೆ. ಫೋಟೋ ತೆಗೆಯುವ ಹುಚ್ಚು ಮೊದಲಿನಿಂದಲೂ ಇದೆ. ಪ್ರವಾಸಕ್ಕೆ ಹೋದರೆ ದಿನಕ್ಕೆ 200, 300 ಫೋಟೋ ಆಗುತ್ತವೆ. ಆದರೆ ಹೋದ ತಿಂಗಳು ಫೋನ್ ಪೂರ್ತಿ ತಡಕಾಡಿದರೂ ನಮ್ಮ ಮನೆ ಒಳಗಿನ ಒಂದೇ ಒಂದು ಒಳ್ಳೆಯ ಫೋಟೋ ಸಿಗಲಿಲ್ಲ. ಊರಲ್ಲಿ ಕ್ಯಾಮೆರಾ ಹಿಡಿದರೆ ತೆಗೆಯೋಕೆ ಏನೂ ಇಲ್ಲ ಅನ್ನಿಸುತ್ತದೆ. ಆಫೀಸಿನ ದಿನಗಳದ್ದೂ ಇದೇ ಕಥೆ. ಫೋಟೋ ಜೊತೆ ನಾಲ್ಕು ಸಾಲು ಬರೆಯಬೇಕು ಅಂತ ಆಸೆ, ಬರೆದರೆ ಸಪ್ಪೆಯಾಗಿರುತ್ತದೆ. ಇರುವುದು 5 ವರ್ಷ ಹಳೆಯ ಫೋನ್, ಅದಕ್ಕಿಂತ ಹಳೆಯದೊಂದು ಕ್ಯಾಮೆರಾ. ಹೊಸದು ತಗೋಬೇಕಾ? ಇನ್ನೊಂದು ವಿಷಯ. ಅಮ್ಮ ಕ್ಯಾಮೆರಾ ಕಂಡರೆ ಸಾಕು, ಮುಖ ತಿರುಗಿಸಿಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆ ಓದಿದವನೇ ಎದ್ದು ಹೋಗಿ ಕಪಾಟಿನ ಮೇಲಿದ್ದ ತಗಡಿನ ಡಬ್ಬಿ ಇಳಿಸಿದೆ. ಅದರಲ್ಲಿ ನನ್ನ ಫಿಲ್ಮ್ ಕಾಲದ ಪ್ರಿಂಟುಗಳಿವೆ. ಒಂದನ್ನು ಮುಂದೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಆಗ ಒಂದು ರೋಲ್ ಅಂದರೆ 36 ಫೋಟೋ. ಮದುವೆ ಮುಗಿದ ಮೇಲೋ ಪ್ರವಾಸ ಮುಗಿದ ಮೇಲೋ ಎರಡು ಮೂರು ಉಳಿದುಬಿಡುತ್ತಿದ್ದವು. ಅದು ಮುಗಿಯುವ ತನಕ ರೋಲನ್ನು ತೊಳೆಯೋಕೆ ಕೊಡುವ ಹಾಗಿಲ್ಲ. ಕಾಯುವ ತಾಳ್ಮೆ ಯಾರಿಗಿತ್ತು? ಮನೆಗೆ ಬಂದು ಎದುರಿಗೆ ಏನಿದೆಯೋ ಅದಕ್ಕೆ ಸುಮ್ನೆ ಒಂದು ಕ್ಲಿಕ್ ಒತ್ತಿ ರೋಲ್ ಮುಗಿಸುತ್ತಿದ್ದೆ. ನನ್ನ ಮುಂದಿರುವುದು ಅಂಥ ಒಂದು ಫೋಟೋ.

ಅದರಲ್ಲಿ ಅಪ್ಪನ ಬರೆಯುವ ಮೇಜು ಇದೆ. ಮೇಜಿನ ಮೇಲೆ ಮಡಚಿಟ್ಟ ಕನ್ನಡಕ. ಅದರ ಒಂದು ಕಡ್ಡಿಗೆ ಕಪ್ಪು ದಾರ ಸುತ್ತಿದೆ. ನೀಲಿ ಪೆನ್ನು, ಅದಕ್ಕೆ ಕೆಂಪು ಮುಚ್ಚಳ. ರಬ್ಬರ್ ಬ್ಯಾಂಡ್ ಹಾಕಿದ ಪತ್ರಗಳ ಕಟ್ಟು. ಹಿಂದಿನ ಗೋಡೆಯಲ್ಲಿ ಕುರ್ಚಿಯ ಬೆನ್ನು ತಾಗಿ ತಾಗಿ ಬಣ್ಣ ಹೋದ ಒಂದು ಉದ್ದ ಗೆರೆ. ಕುರ್ಚಿ ಓರೆಯಾಗಿ ನಿಂತಿದೆ. ಅಪ್ಪ ಯಾವಾಗಲೂ ಕುರ್ಚಿಯನ್ನು ಹಾಗೆ ಓರೆ ಮಾಡಿಯೇ ಏಳುತ್ತಿದ್ದರು. ಅಂದರೆ ನಾನು ಕ್ಲಿಕ್ ಮಾಡುವ ಸ್ವಲ್ಪ ಮುಂಚೆ ಅವರು ಅಲ್ಲಿಂದ ಎದ್ದು ಹೋಗಿದ್ದಾರೆ. ಫೋಟೋ ಎಡಕ್ಕೆ ವಾಲಿದೆ, ಬೆಳಕೂ ಸಾಲದು.

ಅದೇ ರೋಲಿನಲ್ಲಿ ಒಂದು ಜಲಪಾತದ 33 ಫೋಟೋ ಇದ್ದವು. ಮಳೆಯಲ್ಲಿ ನೆನೆದು, ಜಾರುವ ಕಲ್ಲಿನ ಮೇಲೆ ನಿಂತು ತೆಗೆದದ್ದು. ಅವುಗಳಿಗಿಂತ ಚೆಂದದ ಅದೇ ಜಲಪಾತದ ಫೋಟೋ ಇವತ್ತು ಸಾವಿರ ಜನರ ಹತ್ತಿರ ಇದೆ. ಅಪ್ಪನ ಮೇಜಿನದು ಇಡೀ ಪ್ರಪಂಚದಲ್ಲಿ ಇದೊಂದೇ. ಅಪ್ಪ ಈಗಿಲ್ಲ, ಮೇಜೂ ಇಲ್ಲ. ಕನ್ನಡಕಕ್ಕೆ ದಾರ ಸುತ್ತಿದ್ದರು ಅನ್ನೋದೇ ನನಗೆ ಮರೆತುಹೋಗಿತ್ತು.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಹೇಳುವುದು ಇಷ್ಟೇ. ತೆಗೆಯೋಕೆ ಏನೂ ಇಲ್ಲ ಅಂತ ಎಲ್ಲಿ ಅನ್ನಿಸುತ್ತದೋ ಅಲ್ಲಿಂದಲೇ ಶುರು ಮಾಡಿ.

ಹಾಗೆ ಅನ್ನಿಸುವುದು ನಿಮ್ಮ ತಪ್ಪಲ್ಲ. ದಿನಾ ನೋಡುವುದನ್ನು ಕಣ್ಣು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಕತ್ತಲಲ್ಲೂ ನಿಮ್ಮ ಕೈ ನೇರವಾಗಿ ಸ್ವಿಚ್ಚಿಗೆ ಹೋಗುತ್ತದೆ ಅಲ್ವಾ? ಆ ಸ್ವಿಚ್ ಯಾವ ಬಣ್ಣದ್ದು ಅಂತ ಕೇಳಿದರೆ ಹೇಳೋಕೆ ಬರುವುದಿಲ್ಲ. ಮನೆಯ ಮುಕ್ಕಾಲು ಪಾಲು ಹೀಗೆಯೇ, ಕೈಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಪ್ರವಾಸದಲ್ಲಿ ಎಲ್ಲವೂ ಹೊಸದು, ಅದಕ್ಕೆ ಕಣ್ಣು ಎಚ್ಚರವಾಗಿರುತ್ತದೆ. ಅಲ್ಲಿನ ಬೀದಿ ನಿಮ್ಮ ಬೀದಿಗಿಂತ ಚೆಂದ ಅಂತೇನಲ್ಲ. ಅಲ್ಲಿಯವರು ನಿಮ್ಮ ಊರಿಗೆ ಬಂದರೆ ಅವರೂ ದಿನಕ್ಕೆ 300 ಫೋಟೋ ತೆಗೆಯುತ್ತಾರೆ.

ಫೋಟೋಗ್ರಫಿ ಶುರುವಾಗಿದ್ದೇ ಮನೆಯಿಂದ ಅನ್ನೋದು ನನಗೆ ಬಹಳ ಇಷ್ಟವಾದ ಸಂಗತಿ. ಕ್ಯಾಮೆರಾದಲ್ಲಿ ತೆಗೆದು ಇವತ್ತಿಗೂ ಉಳಿದಿರುವ ಅತಿ ಹಳೆಯ ಫೋಟೋ 1826ರದ್ದು ಅಥವಾ 1827ರದ್ದು. ತೆಗೆದವರು ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್. ಅವರು ಯಾವ ಅರಮನೆಯ ಮುಂದೆಯೂ ಹೋಗಿ ನಿಲ್ಲಲಿಲ್ಲ. ತಮ್ಮ ಮನೆಯ ಮಹಡಿಯ ಕಿಟಕಿಯಲ್ಲಿ ಕ್ಯಾಮೆರಾ ಇಟ್ಟರು. ಕಂಡದ್ದು ಪಕ್ಕದ ಕಟ್ಟಡಗಳ ಗೋಡೆ, ಮಾಡು. ಚಿತ್ರ ಮೂಡೋಕೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ಸೂರ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿದ್ದಾನೆ. ಎರಡೂ ಬದಿಯ ಗೋಡೆಗಳ ಮೇಲೆ ಬಿಸಿಲು ಬಿದ್ದಿದೆ. ಮೊದಲ ಸಲ ಆ ಚಿತ್ರವನ್ನು ಗಮನಿಸಿ ನೋಡಿದಾಗ ನನ್ನ ಮನಸ್ಸಿಗೆ ಬಂದದ್ದು ನಮ್ಮ ಮನೆಯ ಹಿತ್ತಲ ಕಿಟಕಿ. ಅಲ್ಲಿಂದ ಏನು ಕಾಣುತ್ತಿತ್ತು ಅಂತ ನೆನಪು ಮಾಡಿಕೊಳ್ಳೋಕೆ ಆಗಲಿಲ್ಲ.

ಪ್ರಾಗ್ ನಗರದ ಯೋಸೆಫ್ ಸುಡೆಕ್ ಇನ್ನೊಬ್ಬರು. ಮೊದಲನೇ ಮಹಾಯುದ್ಧದಲ್ಲಿ ಅವರ ಬಲಗೈ ಹೋಯಿತು. ಆಮೇಲೆ ಒಂದೇ ಕೈಯಲ್ಲಿ ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತು ಕೆಲಸ ಮಾಡಿದರು. 1940ರಿಂದ 1954ರವರೆಗೆ ತಮ್ಮ ಸ್ಟುಡಿಯೋದ ಕಿಟಕಿಯನ್ನೇ ಮತ್ತೆ ಮತ್ತೆ ತೆಗೆದರು. ಒಂದು ದಿನ ಗಾಜಿನ ಮೇಲೆ ಮಳೆ ಹನಿ, ಇನ್ನೊಂದು ದಿನ ಮಂಜು, ಮತ್ತೊಂದು ದಿನ ಹೊರಗಿನ ಸೊಟ್ಟ ಮರ. ಕಿಟಕಿ ಒಂದೇ, ವರ್ಷ ಹದಿನಾಲ್ಕು. ನಿಮಗೆ ವರ್ಷಕ್ಕೆ ಎರಡು ಸಲ ಸಿಗುವ ಮನೆಯಲ್ಲಿ ಎಷ್ಟು ಕಿಟಕಿಗಳಿವೆ?

ಈಗ ಕೆಲಸದ ಮಾತಿಗೆ ಬರೋಣ. ಮುಂದಿನ ಸಲ ಊರಿಗೆ ಹೋದಾಗ ಮೊದಲ ಒಂದು ಗಂಟೆ ಬಹಳ ಮುಖ್ಯ. ನೀವು ತಿಂಗಳುಗಟ್ಟಲೆ ದೂರ ಇದ್ದವರು. ಬಾಗಿಲು ದಾಟಿದ ತಕ್ಷಣ ಕೆಲವು ಸಂಗತಿ ಕಣ್ಣಿಗೆ ಹೊಡೆಯುತ್ತವೆ. ಸೂರು ಇಷ್ಟು ತಗ್ಗಾಗಿತ್ತಾ? ಈ ಕೋಣೆಗೆ ಇಂಥ ವಾಸನೆ ಇತ್ತಾ? ಅಮ್ಮ ಕುರ್ಚಿಯ ಜಾಗ ಬದಲಾಯಿಸಿದ್ದಾರಾ? ರಾತ್ರಿ ಮಲಗಿ ಎದ್ದರೆ ಈ ಕಣ್ಣು ಹೋಯಿತು, ಮತ್ತೆ ಎಲ್ಲ ಮಾಮೂಲಿ. ಅದಕ್ಕೆ ಬ್ಯಾಗ್ ಇಳಿಸಿದ ಕೂಡಲೇ ಕಣ್ಣಿಗೆ ಬಿದ್ದ ಹತ್ತು ವಿಷಯವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಫೋಟೋ ಮಾರನೇ ದಿನ ತೆಗೆಯಬಹುದು, ಚೀಟಿ ಮಾತ್ರ ಅವತ್ತೇ ಆಗಬೇಕು.

ಆ ಚೀಟಿಯಲ್ಲಿ ಏನೇನು ಇರಬಹುದು ಅಂತ ಯೋಚಿಸಿದರೆ, ನನಗೆ ಮೊದಲು ಹೊಳೆಯುವುದು ಯಾರಿಗೂ ಹೇಳದೆ ಮಾಯವಾಗುವ ವಸ್ತುಗಳು. ಮನೆ ಕೆಡವುವಾಗ ಎಲ್ಲರೂ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸ್ವಿಚ್ ಬೋರ್ಡ್ ಬದಲಾಯಿಸುವಾಗ ಯಾರೂ ತೆಗೆಯುವುದಿಲ್ಲ. ಬಾಗಿಲ ಚಿಲಕ, ಕೈಬರಹದ ಫೋನ್ ನಂಬರ್ ಪುಸ್ತಕ, ಮಕ್ಕಳ ಎತ್ತರ ಗುರುತು ಹಾಕಿದ ಬಾಗಿಲ ಚೌಕಟ್ಟು, ಒಂದು ಕಾಲಿನ ಕೆಳಗೆ ಮಡಚಿದ ಕಾಗದ ಇಟ್ಟು ನಿಲ್ಲಿಸಿದ ಸ್ಟೂಲು, ರಸ್ತೆ ತಿರುವಿನಲ್ಲಿ ಯಾರೋ ಕೈಯಲ್ಲಿ ಬರೆದ ಬೋರ್ಡ್. ಇವೆಲ್ಲ ಸುಲಭವಾಗಿ ಬದಲಾಗುವಂಥವು, ಹಾಗಾಗಿ ಮೊದಲು ಹೋಗುವುದೂ ಇವೇ. ಹೋದದ್ದು ಗೊತ್ತಾಗುವುದು ಹತ್ತು ವರ್ಷ ಆದಮೇಲೆ.

ಎರಡನೆಯದಾಗಿ, ಊರಲ್ಲಿ ತಿರುಗಾಡಬೇಡಿ, ಕೂತುಕೊಳ್ಳಿ. ಫ್ರಾನ್ಸಿನವರೇ ಆದ ಲೂಯಿ ಡಗೇರ್ 1838ರಲ್ಲಿ ಪ್ಯಾರಿಸ್ಸಿನ ಒಂದು ದೊಡ್ಡ ರಸ್ತೆಯ ಫೋಟೋ ತೆಗೆದರು. ಗಾಡಿ, ಜನ ತುಂಬಿದ್ದ ರಸ್ತೆ ಅದು. ಆದರೆ ಫೋಟೋದಲ್ಲಿ ರಸ್ತೆ ಖಾಲಿ. ಫಿಲ್ಮಿನ ಬದಲು ಆಗ ಬಳಸುತ್ತಿದ್ದ ಲೋಹದ ತಟ್ಟೆಯ ಮೇಲೆ ಚಿತ್ರ ಮೂಡೋಕೆ ಕೆಲವು ನಿಮಿಷವೇ ಬೇಕಿತ್ತು, ನಡೆದುಹೋದವರು ಯಾರೂ ಅದರಲ್ಲಿ ಉಳಿಯಲಿಲ್ಲ. ಸ್ಪಷ್ಟವಾಗಿ ಉಳಿದವನು ಒಬ್ಬ, ಮೂಲೆಯಲ್ಲಿ ನಿಂತು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದವನು. ನನಗಂತೂ ನಡೆಯುತ್ತಾ ತೆಗೆದ ಊರಿನ ಫೋಟೋ ಒಂದೂ ಚೆನ್ನಾಗಿ ಬಂದಿಲ್ಲ. ಒಂದು ಗಂಟೆ ಜಗಲಿಯಲ್ಲೋ ಮೆಟ್ಟಿಲ ಮೇಲೋ ಕೂತಿರಿ. ಮೊದಲ ಹದಿನೈದು ನಿಮಿಷ ಬೇಜಾರಾಗುತ್ತದೆ. ಆಮೇಲೆ ಬಿಸಿಲು ಗೋಡೆಯ ಮೇಲೆ ಜಾರುವುದು ಕಾಣುತ್ತದೆ. ದಿನಾ ಅದೇ ಹೊತ್ತಿಗೆ ಹಾದುಹೋಗುವ ಸೈಕಲ್ ಕಾಣುತ್ತದೆ. ಎದುರು ಮನೆಯವರು ಬಾಗಿಲು ತೆಗೆಯುವ ಸದ್ದಿಗೆ ನಿಮ್ಮ ಮನೆಯವರು ಗಡಿಯಾರ ನೋಡುವುದು ಕಾಣುತ್ತದೆ.

ಮೂರನೆಯದು ನನ್ನ ಹಳೆಯ ಅಭ್ಯಾಸ. ವಾರಕ್ಕೆ 36 ಫೋಟೋ ಮಾತ್ರ. ಫೋನಿನಲ್ಲಿ ಜಾಗ ಎಷ್ಟಾದರೂ ಇರಲಿ, ನೀವೇ ಲೆಕ್ಕ ಇಟ್ಟುಕೊಳ್ಳಿ. ಕಡಿಮೆ ಇದ್ದಾಗ ಒತ್ತುವ ಮುಂಚೆ ಒಂದು ಉಸಿರು ನಿಲ್ಲುತ್ತೀರಿ. ಕೊನೆಯ ಮೂರನ್ನು ಮಾತ್ರ ಯೋಚನೆ ಮಾಡದೆ ಮನೆಯೊಳಗೇ ಖರ್ಚು ಮಾಡಿ. ಆ ಮೂರು ಯಾಕೆ ಅಂತ ನಿಮಗೀಗ ಗೊತ್ತು.

ಕ್ಯಾಮೆರಾ ವಿಷಯ. ಬೇಡ, ಹೊಸದು ತಗೋಬೇಡಿ. 6x4 ಇಂಚಿನ ಒಂದು ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕಿಯಂತೆ 1800x1200 ಪಿಕ್ಸೆಲ್ ಬೇಕು. ಅಂದರೆ ಸುಮಾರು 2 ಮೆಗಾಪಿಕ್ಸೆಲ್. ನಿಮ್ಮ 5 ವರ್ಷ ಹಳೆಯ ಫೋನಿನಲ್ಲಿ ಅದರ ಐದಾರು ಪಟ್ಟಾದರೂ ಇರುತ್ತದೆ. ನಿಮಗೆ ಕಡಿಮೆ ಬಿದ್ದಿರುವುದು ಬೆಳಕನ್ನು ನೋಡುವ ರೂಢಿ.

ಮನೆಯೊಳಗೆ ತೆಗೆಯುವಾಗ ಮೊದಲು ಬಲ್ಬ್ ಆರಿಸಿ. ಇದೊಂದನ್ನೇ ಮಾಡಿದರೂ ಅರ್ಧ ಕೆಲಸ ಆಯಿತು. ಬಲ್ಬಿನ ಬೆಳಕಿಗೂ ಕಿಟಕಿಯ ಬೆಳಕಿಗೂ ಬಣ್ಣ ಬೇರೆ ಬೇರೆ. ಎರಡೂ ಸೇರಿದರೆ ಮುಖದ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ. ಕಿಟಕಿ ಒಂದೇ ಸಾಕು. ಆದರೆ ಕಿಟಕಿಯನ್ನು ಬೆನ್ನ ಹಿಂದೆ ಇಟ್ಟು ಜನರನ್ನು ನಿಲ್ಲಿಸಬೇಡಿ, ಪಕ್ಕಕ್ಕೆ ಬರಲಿ. ಕಿಟಕಿಯಿಂದ ಎರಡು ಹೆಜ್ಜೆ ಒಳಗೆ ಹೋದರೂ ಬೆಳಕು ಬಹಳ ಇಳಿಯುತ್ತದೆ. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಅದು ನಮಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಆದಷ್ಟು ಕಿಟಕಿ ಹತ್ತಿರವೇ ತೆಗೆಯಿರಿ.

ಫೋನಿಗೆ ಇನ್ನೊಂದು ಚಾಳಿ ಇದೆ. ಮಬ್ಬು ಕೋಣೆಯನ್ನೂ ಹಗಲಿನ ಹಾಗೆ ಬೆಳಗಿಸಿಬಿಡುತ್ತದೆ. ಪರದೆಯ ಮೇಲೆ ಹೆಚ್ಚು ಬೆಳಕಿರುವ ಜಾಗವನ್ನು ಮುಟ್ಟಿ, ಬೆರಳನ್ನು ಕೆಳಗೆ ಜಾರಿಸಿ ಬೆಳಕು ಇಳಿಸಿ. ನಿಮ್ಮ ಅಜ್ಜಿಯ ಕೋಣೆ ಕತ್ತಲಾಗಿತ್ತು ಅಂದರೆ ಫೋಟೋದಲ್ಲೂ ಕತ್ತಲಾಗಿಯೇ ಇರಲಿ, ಆ ಕತ್ತಲೂ ಅವರ ಕೋಣೆಯದ್ದೇ. ಹಾಗೆಯೇ ಫೋನಿನ ಸಾಮಾನ್ಯ ಲೆನ್ಸ್ ಬಹಳ ಅಗಲಕ್ಕೆ ನೋಡುವಂಥದ್ದು. ಮುಖಕ್ಕೆ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಬಂದು 2x ಜೂಮ್ ಒತ್ತಿ. ನಿಮ್ಮ ಹಳೆಯ ಕ್ಯಾಮೆರಾದಲ್ಲಾದರೆ ಶಟರ್ ವೇಗ 1/60 ಸೆಕೆಂಡಿಗಿಂತ ನಿಧಾನ ಆಗದಂತೆ ನೋಡಿಕೊಳ್ಳಿ. ಅದಕ್ಕಾಗಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600ಕ್ಕೆ ಏರಿದರೂ ಪರವಾಗಿಲ್ಲ. ಕಾಳು ಕಾಳಾಗಿ ಕಂಡರೂ ಫೋಟೋ ಉಳಿಯುತ್ತದೆ, ಅಲುಗಾಡಿದ್ದು ಉಳಿಯುವುದಿಲ್ಲ. ಹಾಂ, ಲೆನ್ಸ್ ಒರೆಸಿ. ಜೇಬಿನಲ್ಲೇ ಇರುವ ಫೋನಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ.

ಪ್ರವಾಸದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು ಅನ್ನಿಸುತ್ತಿದೆ. ದಿನಕ್ಕೆ 300 ಅಂದರೆ ಜಾಸ್ತಿ ಆಯಿತು. ಲಿಂಡಾ ಹೆಂಕೆಲ್ ಅನ್ನುವ ಮನಶ್ಶಾಸ್ತ್ರಜ್ಞೆ ಒಂದು ಮ್ಯೂಸಿಯಂನಲ್ಲಿ ಪ್ರಯೋಗ ಮಾಡಿದರು, 2014ರಲ್ಲಿ ಅದು ಪ್ರಕಟವಾಯಿತು. ಕೆಲವು ವಸ್ತುಗಳನ್ನು ಸುಮ್ನೆ ನೋಡಿ, ಕೆಲವನ್ನು ಫೋಟೋ ತೆಗೆಯಿರಿ ಅಂತ ಬಂದವರಿಗೆ ಹೇಳಿದರು. ಮಾರನೇ ದಿನ ಕೇಳಿದಾಗ, ಪೂರ್ತಿ ವಸ್ತುವಿನ ಫೋಟೋ ತೆಗೆದದ್ದು ನೋಡಿದ್ದಕ್ಕಿಂತ ಕಡಿಮೆ ನೆನಪಿತ್ತು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಅಂತ ಮನಸ್ಸು ಕೈ ಬಿಟ್ಟ ಹಾಗೆ. ಆದರೆ ಇದರಲ್ಲೇ ನಮಗೆ ಬೇಕಾದ ಇನ್ನೊಂದು ಮಾತಿದೆ. ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ನೆನಪು ಹಾಗೆ ಕುಗ್ಗಲಿಲ್ಲ. ಒಂದು ಭಾಗ ಆರಿಸಬೇಕೆಂದರೆ ಗಮನ ಕೊಡಲೇಬೇಕಲ್ಲ. ನನ್ನ ಅನುಭವವೂ ಅದೇ. ಬೆಟ್ಟ ಪೂರ್ತಿ ತೆಗೆದ ದಿನಗಳು ನನಗೆ ಮಸುಕು. ಬೆಟ್ಟ ಹತ್ತುವಾಗ ಗೆಳೆಯನ ಶೂ ಹರಿದು ಹಗ್ಗ ಕಟ್ಟಿದ್ದನ್ನು ತೆಗೆದ ದಿನ ಮಾತ್ರ ಬೆಳಿಗ್ಗೆಯಿಂದ ಸಂಜೆವರೆಗೆ ನೆನಪಿದೆ.

ಹಾಗಾಗಿ ಪ್ರವಾಸದಲ್ಲೂ ಮನೆಯಲ್ಲಿ ತೆಗೆಯುವಂಥದ್ದನ್ನು ತೆಗೆಯಿರಿ. ಉಳಿದುಕೊಂಡ ಕೋಣೆ, ಒಣಗಲು ಹಾಕಿದ ಬಟ್ಟೆ, ಬಸ್ಸಿನಲ್ಲಿ ನಿದ್ದೆ ಹೋದ ಜೊತೆಗಾರರು. ಬೆಟ್ಟದ್ದು ಒಂದೆರಡು ಸಾಕು.

ಆಫೀಸಿನ ದಿನಗಳು. ಇದನ್ನು ನೀವು ಒಂದೇ ಸಾಲಿನಲ್ಲಿ ಬರೆದು ದಾಟಿಬಿಟ್ಟಿದ್ದೀರಿ. ನನಗೆ ಮಾತ್ರ ಅಲ್ಲಿ ಮನಸ್ಸು ನಿಂತಿತು. ನಾನು ಕೆಲಸ ಕಲಿತದ್ದು ಒಂದು ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ. ಆರು ವರ್ಷ ಅಲ್ಲಿ ನಿಂತೆ. ಕೆಂಪು ಬಲ್ಬ್, ಪಕ್ಕಪಕ್ಕದಲ್ಲಿ ಮೂರು ಟ್ರೇ, ಡೆವಲಪರ್, ಸ್ಟಾಪ್ ಬಾತ್, ಫಿಕ್ಸರ್. ಬಿಳಿ ಕಾಗದವನ್ನು ಮೊದಲ ಟ್ರೇಗೆ ಹಾಕಿ ಅಂಚು ಎತ್ತಿ ಎತ್ತಿ ಅಲುಗಾಡಿಸುತ್ತಿದ್ದರೆ ಮೊದಲು ಕೂದಲು, ಹುಬ್ಬು, ಆಮೇಲೆ ಕಣ್ಣು, ಕೊನೆಗೆ ಕೆನ್ನೆ ಮೂಡುತ್ತಿತ್ತು. ಯಾರ ಯಾರ ಮುಖವೋ. ಬೆರಳುಗಳಿಂದ ಹುಳಿ ವಾಸನೆ ಮನೆಗೆ ಹೋದರೂ ಹೋಗುತ್ತಿರಲಿಲ್ಲ. ಸಾವಿರಾರು ಜನರ ಫೋಟೋ ಆ ಕೋಣೆಯಲ್ಲಿ ಪ್ರಿಂಟ್ ಹಾಕಿದ್ದೇನೆ. ಆ ಕೋಣೆಯದ್ದು ಮಾತ್ರ ಒಂದೂ ನನ್ನ ಹತ್ತಿರ ಇಲ್ಲ. ಅಲ್ಲಿ ಲೈಟ್ ಹಾಕುವಂತಿರಲಿಲ್ಲ ಅನ್ನೋದು ನೆಪ. ಊಟದ ಹೊತ್ತಿಗೆ ಬಾಗಿಲು ತೆರೆದಿರುತ್ತಿತ್ತು, ಬೆಳಕು ಒಳಗೆ ಬೀಳುತ್ತಿತ್ತು. ಅದೊಂದು ಫೋಟೋ ತೆಗೆಯುವ ಜಾಗ ಅಂತ ನನಗೆ ಅನ್ನಿಸಲೇ ಇಲ್ಲ. ಈ ಕೊರಗು ನನಗೆ ಇನ್ನೂ ಹೋಗಿಲ್ಲ.

ನೀವು ಈಗ ಕೂರುವ ಮೇಜು, ಪಕ್ಕದವರು ಯಾವಾಗಲೂ ಪೆನ್ನು ಹುಡುಕುವ ರೀತಿ, ಸಂಜೆ ಎಲ್ಲರೂ ಹೋದ ಮೇಲೆ ಕುರ್ಚಿಗಳು ನಿಂತ ಭಂಗಿ. ಕೆಲಸ ಬಿಟ್ಟ ದಿನ ಇವೆಲ್ಲ ಒಟ್ಟಿಗೆ ಹೋಗುತ್ತವೆ. ಆಫೀಸಿನಲ್ಲಿ ಫೋಟೋ ತೆಗೆಯಬಹುದಾ ಅಂತ ಮೊದಲು ಕೇಳಿಕೊಳ್ಳಿ. ಕಂಪ್ಯೂಟರ್ ಪರದೆ, ಕಾಗದಪತ್ರ, ಗ್ರಾಹಕರ ಹೆಸರು ಕಾಣಬಾರದು. ಜೊತೆಯವರ ಫೋಟೋಗೆ ಅವರ ಒಪ್ಪಿಗೆ ಬೇಕು. ಅದು ಆಗುವುದಿಲ್ಲ ಅಂದರೆ ಆಫೀಸಿಗೆ ಹೋಗುವ ದಾರಿ ಇದೆಯಲ್ಲ. ಒಂದು ತಿಂಗಳು ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ಒಂದು ಫೋಟೋ. 30 ಫೋಟೋ ಸಾಲಾಗಿ ಇಟ್ಟು ನೋಡಿದಾಗ ನಿಮಗೇ ಆಶ್ಚರ್ಯ ಆಗುತ್ತದೆ.

ಇನ್ನು ಬರವಣಿಗೆ. ಸಪ್ಪೆ ಆಗುವುದು ಯಾಕೆ ಅಂದರೆ, ನಾವು ಫೋಟೋದಲ್ಲಿ ಕಾಣುವುದನ್ನೇ ಮತ್ತೆ ಬರೆಯುತ್ತೇವೆ. ಇಲ್ಲವೇ ನಮ್ಮ ಮನಸ್ಸಿಗೆ ಹೇಗನ್ನಿಸಿತು ಅಂತ ಬರೆಯುತ್ತೇವೆ. 'ಹಳೆಯ ಮನೆ, ಮರೆಯಲಾಗದ ನೆನಪುಗಳು' ಅಂತ ಬರೆದರೆ ಅದು ಯಾರ ಮನೆಗಾದರೂ ಹೊಂದುತ್ತದೆ. ಫೋಟೋಗೆ ಹಿಡಿಯೋಕೆ ಆಗದ್ದನ್ನು ಬರೆಯಿರಿ. ಸದ್ದು, ವಾಸನೆ, ಯಾರೋ ಆಡಿದ ಮಾತು, ಕ್ಲಿಕ್ ಮಾಡುವ ಒಂದು ನಿಮಿಷ ಮುಂಚೆ ಏನಾಯಿತು, ಚೌಕಟ್ಟಿನ ಹೊರಗೆ ಯಾರಿದ್ದರು.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಮನೆಯ ಮುಂಬಾಗಿಲ ಚಿಲಕದ ಫೋಟೋ ನನ್ನ ಹತ್ತಿರ ಇದೆ. ಅದರ ಹಿಂದೆ ಹೀಗೆ ಬರೆದಿದ್ದೇನೆ: 'ಈ ಚಿಲಕ ಹಾಕಬೇಕೆಂದರೆ ಬಾಗಿಲನ್ನು ಸ್ವಲ್ಪ ಮೇಲಕ್ಕೆ ಎತ್ತಬೇಕು. ಅದು ಮನೆಯವರಿಗೆ ಮಾತ್ರ ಗೊತ್ತು. ನೆಂಟರು ಬಂದಾಗ ಎರಡು ಸಲ ದೂಡಿ, ಆಗದೆ, ಅಮ್ಮನನ್ನು ಕೂಗುತ್ತಾರೆ. ಅಮ್ಮ ಒಳಗಿನಿಂದಲೇ, ಎತ್ತಿ ಹಾಕಿ ಅನ್ನುತ್ತಾಳೆ.' ಇಷ್ಟೇ. ಇದರಲ್ಲಿ ಪ್ರೀತಿ, ನೆನಪು ಅನ್ನುವ ಪದವೇ ಇಲ್ಲ. ಆದರೆ ಆ ಚಿಲಕ ಬದಲಾಗಿ ಎಷ್ಟೋ ವರ್ಷ ಆದ ಮೇಲೂ, ಓದಿದಾಗ ನನ್ನ ಕೈ ತಾನೇ ಮೇಲೆ ಏಳುತ್ತದೆ.

ಹೀಗೆ ಬರೆಯೋಕೆ ಭಾಷೆಯ ಮೇಲೆ ದೊಡ್ಡ ಹಿಡಿತವೇನೂ ಬೇಡ. ಏನಾಯಿತು, ಯಾರು ಏನು ಮಾಡಿದರು ಅಂತ ಹೇಳುತ್ತಾ ಹೋಗಿ. ಸುಂದರ, ಅದ್ಭುತ, ಮಧುರ ಇವನ್ನು ಹೊಡೆದುಹಾಕಿ. ಮನೆಯವರು ಮಾತಾಡುವ ಹಾಗೆಯೇ ಅವರ ಮಾತು ಬರೆಯಿರಿ, ತಿದ್ದಬೇಡಿ. ಅಜ್ಜ ಒಂದು ಪದವನ್ನು ಬೇರೆ ರೀತಿ ಹೇಳುತ್ತಿದ್ದರೆ ಅದು ಹಾಗೆಯೇ ಇರಲಿ. ಎಲ್ಲಕ್ಕಿಂತ ಮುಖ್ಯ, ಅವತ್ತೇ ಬರೆಯಿರಿ. ಮೂರು ಸಾಲು ಸಾಕು, ಆದರೆ ಮಲಗುವ ಮುಂಚೆ ಆಗಬೇಕು. ಮರುವಾರ ಬರೆದರೆ ಏನಾಯಿತು ಅನ್ನೋದು ಹೋಗಿ ಹೇಗನ್ನಿಸಿತು ಅನ್ನೋದಷ್ಟೇ ಉಳಿದಿರುತ್ತದೆ. ಯಾರು, ಎಲ್ಲಿ, ಯಾವತ್ತು ಅನ್ನೋದನ್ನು ಮಾತ್ರ ಯಾವ ಫೋಟೋಗೂ ಬಿಡಬೇಡಿ. ನನ್ನ ಡಬ್ಬಿಯಲ್ಲಿ ಒಂದು ಗುಂಪು ಫೋಟೋ ಇದೆ. ಹನ್ನೊಂದು ಜನ, ಎಲ್ಲರೂ ನಗುತ್ತಿದ್ದಾರೆ. ನಾಲ್ವರ ಹೆಸರು ಹೇಳುವವರು ಈಗ ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ.

ಉಳಿಸಿಕೊಳ್ಳುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಫೋಟೋ ತೆಗೆದ ದಿನ, ಹೊತ್ತು ಫೈಲಿನೊಳಗೇ ಬರೆದಿರುತ್ತದೆ. ಮೆಸೇಜ್ ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಅದು ಸಾಮಾನ್ಯವಾಗಿ ಅಳಿಸಿಹೋಗುತ್ತದೆ, ಫೋಟೋವೂ ಚಿಕ್ಕದಾಗುತ್ತದೆ. ಅಣ್ಣ ತಂಗಿಯರಿಂದ ಹಳೆಯ ಫೋಟೋ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ. ಹಳೆಯ ಕ್ಯಾಮೆರಾದ ಗಡಿಯಾರ, ತಾರೀಖು ಸರಿ ಇದೆಯಾ ನೋಡಿಕೊಳ್ಳಿ. ಬ್ಯಾಟರಿ ಪೂರ್ತಿ ಇಳಿದು ಬಹಳ ದಿನ ಬಿದ್ದಿದ್ದರೆ ಅದು ಯಾವುದೋ ಹಳೆಯ ವರ್ಷಕ್ಕೆ ಹೋಗಿ ಕೂತಿರುತ್ತದೆ. ಪ್ರತಿ ಫೋಟೋಗೂ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಥರದ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ. ನನ್ನದೊಂದು ಹಾರ್ಡ್ ಡಿಸ್ಕ್ ಒಂದು ಬೆಳಿಗ್ಗೆ ಟಕ್ ಟಕ್ ಅಂತ ಸದ್ದು ಮಾಡಿ ನಿಂತುಹೋಯಿತು. ಒಂದು ವರ್ಷ ಪೂರ್ತಿ ಅದರಲ್ಲಿತ್ತು. ವರ್ಷಕ್ಕೆ 36 ಆರಿಸಿ ಪ್ರಿಂಟ್ ಹಾಕಿಸಿ. ಹಿಂದೆ ಬರೆಯುವಾಗ ಮೆದು ಪೆನ್ಸಿಲ್ ಬಳಸಿ, ಒತ್ತಿ ಬರೆಯಬೇಡಿ. ನುಣುಪು ಕಾಗದದ ಹಿಂದೆ ಪೆನ್ಸಿಲ್ ಹತ್ತದಿದ್ದರೆ ಪಕ್ಕದಲ್ಲಿ ಒಂದು ಚೀಟಿ ಇಡಿ.

ಕೊನೆಗೆ ನಿಮ್ಮ ಅಮ್ಮ. ಅವರು ಮುಖ ತಿರುಗಿಸಿಕೊಂಡರೆ ಬಲವಂತ ಮಾಡಬೇಡಿ, ಕದ್ದೂ ತೆಗೆಯಬೇಡಿ. ಗೊತ್ತಾದ ದಿನ ನಿಮ್ಮ ಮುಂದೆ ಅವರು ಸಲೀಸಾಗಿ ಓಡಾಡುವುದು ನಿಂತುಹೋಗುತ್ತದೆ. ಎಷ್ಟೋ ಸಲ ಅವರಿಗೆ ಬೇಡವಾಗಿರುವುದು ಫೋಟೋ ಅಲ್ಲ, ಎದುರಿಗೆ ನಿಂತು ನಗುವುದು. ನಮ್ಮ ಟಿ.ಎಸ್. ಸತ್ಯನ್ ಅವರ ಫೋಟೋಗಳನ್ನು ನೀವು ನೋಡಿರಬಹುದು. ಅವರು ಕ್ಯಾಮೆರಾ ತಿರುಗಿಸಿದ್ದು ಹೆಚ್ಚಾಗಿ ಸಾಮಾನ್ಯ ಜನರ ದಿನದ ಬದುಕಿನ ಕಡೆಗೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಅವರ ಮಕ್ಕಳ ಫೋಟೋಗಳ ಪ್ರದರ್ಶನ ಆಯಿತು. ಅವರ ಫೋಟೋದ ಜನ ತಮ್ಮ ಪಾಡಿಗೆ ತಾವು ಇರುತ್ತಾರೆ. ಅಮ್ಮನಿಗೂ ಅವರ ಪಾಡಿಗೆ ಅವರು ಇರುವ ಹೊತ್ತು ಇರುತ್ತದೆ. ಮೊದಲು ಕೈಯಲ್ಲಿ ಏನೂ ಹಿಡಿಯದೆ ಆ ಹೊತ್ತಿನಲ್ಲಿ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.

ಅಮೆರಿಕದ ನಿಕೋಲಸ್ ನಿಕ್ಸನ್ 1975ರಿಂದ ವರ್ಷಕ್ಕೊಂದರಂತೆ ತಮ್ಮ ಹೆಂಡತಿ ಮತ್ತು ಆಕೆಯ ಮೂವರು ಸಹೋದರಿಯರ ಫೋಟೋ ತೆಗೆಯುತ್ತಾ ಬಂದರು. ನಾಲ್ವರೂ ಅದೇ ಕ್ರಮದಲ್ಲಿ ನಿಲ್ಲುತ್ತಿದ್ದರು, 40 ವರ್ಷಕ್ಕೂ ಜಾಸ್ತಿ. ಅಷ್ಟೆಲ್ಲ ನಿಮ್ಮ ಅಮ್ಮ ಒಪ್ಪಬೇಕಾಗಿಲ್ಲ. ಊರಿಗೆ ಹೋದಾಗ ಒಂದು, ಹೊರಡುವಾಗ ಒಂದು ಸಿಕ್ಕರೂ ವರ್ಷಕ್ಕೆ ನಾಲ್ಕಾಗುತ್ತದೆ.

ನಮ್ಮಮ್ಮನೂ ಹೀಗೇ ಇದ್ದಳು. 'ನನ್ನದೇನು ತೆಗೀತೀಯ, ಮಕ್ಕಳದ್ದು ತೆಗಿ' ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಕಿಟಕಿ ಹತ್ತಿರ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. 'ಮುಖ ಬೇಡ, ಕೈ ಮಾತ್ರ ತೆಗೀಲಾ' ಅಂದೆ. ಸುಮ್ಮನಿದ್ದಳು. ಎರಡು ತೆಗೆದೆ. ಮುಂದಿನ ಸಲ ಹೋದಾಗ ಪ್ರಿಂಟ್ ತಗೊಂಡು ಹೋಗಿ ಕೊಟ್ಟೆ. ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. 'ಇದು ನಮ್ಮಮ್ಮನ ಕೈ ಥರಾನೇ ಇದೆ' ಅಂದಳು. ಅಜ್ಜಿಯ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ, ನಾನು ಅಜ್ಜಿಯನ್ನು ನೋಡಿಯೂ ಇಲ್ಲ. ಅವತ್ತು ಸಂಜೆ ಕತ್ತಲಾಗುವ ತನಕ ಅಮ್ಮ ಅಜ್ಜಿಯ ವಿಷಯ ಹೇಳಿದಳು. ಅಜ್ಜಿಗೂ ಕಿರುಬೆರಳು ಹೀಗೆಯೇ ಸ್ವಲ್ಪ ಬಾಗಿತ್ತಂತೆ.

ನಿಮ್ಮ ಅಮ್ಮ ದಿನದ ಯಾವ ಹೊತ್ತಿನಲ್ಲಿ ಯಾವ ಕಿಟಕಿಯ ಹತ್ತಿರ ಇರುತ್ತಾರೆ ಅಂತ ಈ ಸಲ ಸುಮ್ನೆ ನೋಡಿಕೊಂಡು ಬನ್ನಿ. ಫೋಟೋ ಮುಂದಿನ ಸಲ ತೆಗೆಯಿರಿ.